ನೀರೊಳಗೆ ಕೊಯ್ದ ತಾವರೆ

ಇನ್ನೂ ಮಬ್ಬುಗತ್ತಲೆ. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಾಚೆಯ ಹೊಂಡದಲ್ಲಿ ರೇವವ್ವ ಎದೆಮಟ್ಟದ ನೀರಿಗಿಳಿದಿದ್ದಾರೆ. ಗೆಡ್ಡೆ ತುಳಿದು ಮುರಿದೀತೆಂಬ ಅಂಜಿಕೆಗೆ ಕಾಲ್ಬೆರಳಿಂದ ಕೆಸರು ತಡವುತ್ತ ನಡೆಯುತ್ತಾರೆ. ತಾವರೆ ಮೊಗ್ಗು ಸಿಕ್ಕಿತೋ, ನೀರಿಗಿಂತ ಗೇಣು ಮೇಲೆ ದಂಟು ಕೊಯ್ಯುತ್ತಾರೆ. ಒಂದು ಕಾಲಕ್ಕೆ ಬುಟ್ಟಿ ತುಂಬಿ ಚೆಲ್ಲುತ್ತಿತ್ತು. ಈಗ ತಳವೂ ಮುಚ್ಚುವುದಿಲ್ಲ.

ಹೂವು ಕೊಯ್ಯುವುದು ಮೊದಲು ಗಂಡ ಸೋಮನಿಂಗನ ಕೆಲಸವಾಗಿತ್ತು. ಅವನು ತೀರಿಕೊಂಡ ಮೇಲೆ ಹೊಟ್ಟೆಪಾಡು ರೇವವ್ವನನ್ನು ನೀರಿಗಿಳಿಸಿತು. ಹೆಂಗಸು ಹೊಂಡಕ್ಕಿಳಿದಳೆಂದು ಆಡಿಕೊಂಡವರೇನು ಕಡಿಮೆಯೇ? ಅವರ ಮನೆಯ ಲಕ್ಷ್ಮೀಪೂಜೆಗೂ ಇವರದೇ ಹೂವು ಬೇಕು, ಆ ಮಾತು ಬೇರೆ.

ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ದಿನ ಸಿಂದಗಿಯಲ್ಲಿ ಮದುವೆ ಮಂಟಪ ಸಿಂಗರಿಸುವ ಕಲ್ಮೇಶ ಬಂದ. “ಆಯಿ, ದಂಟು ಉದ್ದ ಇರೂ ಹೂವು ಕೊಡ್ರಿ. ಗಿಡ್ಡ ಆದ್ರ ಹೂದಾನ್ಯಾಗ ನಿಂದ್ರೂದಿಲ್ಲ” ಎಂದ. ರೇವವ್ವ ನೀರೊಳಗೆ ಕೈ ಇಳಿಸಿ ಬುಡದಲ್ಲೇ ಕೊಯ್ದರು. ಮದುವೆಯ ಸೀಜನ್ ಮುಗಿಯುವತನಕ ಹಾಗೇ ಕೊಯ್ದರು.

ತಾವರೆ ದಂಟಿನೊಳಗೆಲ್ಲ ಗಾಳಿಯ ಕೊಳವೆಗಳು. ನೀರೊಳಗೆ ಕೊಯ್ದರೆ ಅದೇ ದಾರಿಯಲ್ಲಿ ನೀರು ಇಳಿದು ಗೆಡ್ಡೆ ಕೊಳೆಯುತ್ತದೆ. ಮಳೆಗಾಲಕ್ಕೆ ನಡುಹೊಂಡದ ಎಲೆಗಳು ಕಪ್ಪಾದವು, ಗಬ್ಬು ಎದ್ದಿತು. ಉಳಿದದ್ದು ಮೂಡಣದ ಒಂದು ಮೂಲೆ ಮಾತ್ರ.

“ನಮ್ಮವರು ಯಾವಾಗ್ಲೂ ನೀರಿನ ಮ್ಯಾಲೇ ಕೊಯ್ಯತಿದ್ರು. ನಡಾ ಬಗ್ಗಸಾಕ ಬ್ಯಾಸರ ಇವರಿಗೆ, ಮೈಗಳ್ಳ ಅಂತ ನಾ ನಗತಿದ್ನಿ. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ರಿ. ಕೊಳತ ಗಡ್ಡಿ ಕಿತ್ತಾಗ ಗೊತ್ತಾತು, ತೂತಿನ್ಯಾಗೆಲ್ಲ ನೀರ ನಿಂತಿತ್ತು” ಎನ್ನುತ್ತಾರೆ ರೇವವ್ವ. ಗಂಡನನ್ನು ನೆನೆದರೆ ಅವರಿಗೆ ದುಃಖಕ್ಕಿಂತ ನಾಚಿಕೆಯೇ ಹೆಚ್ಚು.

ಪ್ರತಿ ಬೇಸಿಗೆಯಲ್ಲಿ ನೀರಿಳಿದಾಗ ಮೂಲೆಯ ಗೆಡ್ಡೆಗಳನ್ನು ಒಂದೊಂದಾಗಿ ಬಿಡಿಸಿ, ಹೊಂಡದ ನಡುವೆ ಹುಗಿಯುತ್ತಾರೆ. ಹೆಚ್ಚಿನವು ಚಿಗುರುವುದೇ ಇಲ್ಲ. ಈ ಮೂಲೆಯೂ ಕೈಬಿಟ್ಟರೆ ಊರಿನಲ್ಲಿ ತಾವರೆ ಎಂಬುದೇ ಇರುವುದಿಲ್ಲ. ನಿದ್ದೆ ಕೆಡಿಸುವುದು ಅದೊಂದೇ ಚಿಂತೆ. ಕಲ್ಮೇಶ ಈಗಲೂ ಫೋನ್ ಮಾಡುತ್ತಾನೆ. “ಗಿಡ್ಡ ಹೂವು ಬೇಕಾದ್ರ ಬಾರಪ್ಪಾ” ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ.

ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಕೇಳಿದರೆ ಒದ್ದೆ ಸೆರಗು ಹಿಂಡಿಕೊಳ್ಳುತ್ತಾರೆ.

“ಹಾಕ್ರಿ. ಹೊಂಡಾ ಕೆಡಿಸಿದಾಕಿ ಇಕೀನ ಅಂತನೂ ಹಾಕ್ರಿ. ಓದಿದಾಕಿ ಒಬ್ಬಾಕಿಯರ ಗಂಡನ್ನ ಯಾಕ ಹಿಂಗ ಮಾಡ್ತೀರಿ ಅಂತ ಕೇಳ್ಯಾಳು.”