ಮೂವತ್ತೇಳು ಡಿಗ್ರಿಯ ಬೀರು

ನನ್ನ ಅಮ್ಮ ಸತ್ತ ಮೇಲೂ ಬಹಳ ವರ್ಷ ಒಂದು ಬೀರುವಿನಲ್ಲಿದ್ದಳು. ಹೀಗೆಂದರೆ ಜನ ನನ್ನ ಮುಖವನ್ನೇ ನೋಡುತ್ತಾರೆ. ನೋಡಲಿ, ಕನ್ನಡಕದ ಅಂಗಡಿ ಇಟ್ಟವಳಿಗೆ ಜನ ಕಣ್ಣರಳಿಸಿ ನೋಡುವುದೇನೂ ಹೊಸದಲ್ಲ. ಆದರೆ ಇದು ನನ್ನ ಕತೆಯಲ್ಲ, ನನ್ನನ್ನು ಸಾಕಿದ ಚಿಕ್ಕಮ್ಮನ ಕತೆ.

ಚಿಕ್ಕಮ್ಮ ಜೀವಕೋಶಗಳ ವಿಜ್ಞಾನಿ. ಹಾಗೆಂದರೆ ಏನೆಂದು ನಮ್ಮ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಅವಳನ್ನು ಕೊನೆಯವರೆಗೂ ಡಾಕ್ಟ್ರೇ ಎಂದೇ ಕರೆದು ಮಂಡಿನೋವಿಗೆ ಔಷಧಿ ಕೇಳುತ್ತಿದ್ದರು. ವಿವರಿಸಿ ವಿವರಿಸಿ ಸಾಕಾಗಿ ಚಿಕ್ಕಮ್ಮ, "ಬಿಸಿನೀರಿನ ಶಾಖ ಕೊಡಿ ಅಜ್ಜಿ" ಎಂದು ಹೇಳಿ ಒಳಗೆ ಬಂದುಬಿಡುತ್ತಿದ್ದಳು. ನಿಂತಲ್ಲಿ ನಿಲ್ಲುವ ಜಾಯಮಾನವೇ ಅವಳದಲ್ಲ. ಒಂದು ಕಾಲು ಚಪ್ಪಲಿಯಲ್ಲಿ ಇರುವಾಗಲೇ ಇನ್ನೊಂದು ಕಾಲು ಗೇಟು ದಾಟಿರುತ್ತಿತ್ತು.

ನನ್ನ ಅಮ್ಮ ಇವಳ ಅಕ್ಕ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂದರೆ ಯಾರೂ ನಂಬುತ್ತಿರಲಿಲ್ಲವಂತೆ. ಅಮ್ಮ ಸೆರಗು ಸರಿ ಮಾಡಿಕೊಳ್ಳುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಎಲ್ಲರೂ ಎದ್ದು ಕೈ ತೊಳೆದ ಮೇಲೂ ಅವಳ ಊಟ ಅರ್ಧದಲ್ಲಿರುತ್ತಿತ್ತು. ಮನೆಯಲ್ಲಿ ಅವಳಿಗೆ ಆಮೆ ಎಂದು ಹೆಸರಿಟ್ಟಿದ್ದರು. ಹಾಗೆ ಕರೆದರೆ ಅವಳು ಸಿಟ್ಟಾಗುತ್ತಿರಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು ನಗುತ್ತಿದ್ದಳು.

ಅಪ್ಪ ನಮ್ಮನ್ನು ಬಿಟ್ಟು ಬೇರೆ ಸಂಸಾರ ಹೂಡಿದ ಮೇಲೆ ಅಮ್ಮ ನನ್ನನ್ನು ಕಟ್ಟಿಕೊಂಡು ತಂಗಿಯ ಮನೆಗೆ ಬಂದಳು. ನನಗಿನ್ನೂ ಶಾಲೆಗೆ ಹೋಗುವ ವಯಸ್ಸಾಗಿರಲಿಲ್ಲ, ಅಷ್ಟರಲ್ಲೇ ಅವಳ ಹೊಟ್ಟೆಯಲ್ಲಿ ಗೆಡ್ಡೆ ಕಾಣಿಸಿಕೊಂಡಿತು. ಕುಯ್ದು ತೆಗೆದರು. ಆಗ ಚಿಕ್ಕಮ್ಮ ಹಿಂಜರಿಯುತ್ತಲೇ ಕೇಳಿದಳಂತೆ, ಅದರಲ್ಲಿ ಒಂದು ಚೂರು ನಾನು ಲ್ಯಾಬಿಗೆ ತಗೊಳ್ಳಲಾ ಅಂತ. "ನನಗಂತೂ ಬೇಡ. ನಿನಗೇನಾದ್ರೂ ಉಪಯೋಗಕ್ಕೆ ಬಂದ್ರೆ ಪೂರ್ತಿ ತಗೊ" ಎಂದಳಂತೆ ಅಮ್ಮ. ಅವಳು ತೀರಿಕೊಂಡ ದಿನ ಮಕ್ಕಳನ್ನು ವಾರ್ಡಿನೊಳಗೆ ಬಿಡಲಿಲ್ಲ. ನಾನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಬಾಗಿಲಿನ ಗಾಜು ನನ್ನ ತಲೆಗಿಂತ ಎತ್ತರದಲ್ಲಿತ್ತು. ಬೆಂಚು ಹತ್ತಿ ನಿಂತರೂ ಏನೂ ಕಾಣಲಿಲ್ಲ.

ಆ ಚೂರಿನಿಂದ ಬಿಡಿಸಿದ ಜೀವಕೋಶಗಳನ್ನು ಚಿಕ್ಕಮ್ಮ ಫ್ಲಾಸ್ಕಿನಲ್ಲಿ, ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಹಾಕಿ, ಮೂವತ್ತೇಳು ಡಿಗ್ರಿ, ಅಂದರೆ ಮೈಯ ಶಾಖದಷ್ಟೇ ಬೆಚ್ಚಗಿರುವ ಬೀರುವಿನಲ್ಲಿಟ್ಟಳು. ತಿಂಗಳುಗಟ್ಟಲೆ ಅವು ಮಿಸುಕಲಿಲ್ಲ. ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಅಕ್ಕನನ್ನು ಕಳೆದುಕೊಂಡ ದುಃಖದಲ್ಲಿ ಚಿಕ್ಕಮ್ಮ ಅವುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಂದು ಸೋಮವಾರ ಬೀರು ತೆಗೆದರೆ ಫ್ಲಾಸ್ಕಿನ ತಳ ಪೂರ್ತಿ ತುಂಬಿಕೊಂಡಿತ್ತು. ಅವಳು ಲ್ಯಾಬಿನಲ್ಲೇ ಜೋರಾಗಿ ಅತ್ತಳಂತೆ. ಆ ಸಂತತಿಗೆ ‘ಆಮೆ-ಒಂದು’ ಎಂದು ಹೆಸರಿಟ್ಟಳು. ಹೆಸರು ಆಮೆ, ಓಟ ಮಾತ್ರ ಮೊಲದ್ದು ಎಂದು ಜೊತೆಯವರು ತಮಾಷೆ ಮಾಡುತ್ತಿದ್ದರು.

ಹಸಿದ ಜೀವಕೋಶ ತನ್ನನ್ನೇ ಚೂರುಚೂರಾಗಿ ತಿಂದು ಹೇಗೆ ಜೀವ ಹಿಡಿದುಕೊಳ್ಳುತ್ತದೆ ಎಂದು ಅವಳು ಆಮೆ-ಒಂದರಲ್ಲಿ ತೋರಿಸಿದಳು. ಆ ಒಂದು ಸಂಶೋಧನಾ ಪೇಪರ್ ಅವಳ ಬದುಕನ್ನೇ ಬದಲಿಸಿತು. ಮಾತಿನ ನಡುವೆ ನಾವು ‘ಇಂಥವರು ಹೇಳಿದ್ದಾರೆ’ ಎನ್ನುವ ಹಾಗೆ ವಿಜ್ಞಾನಿಗಳು ತಮ್ಮ ಪೇಪರಿನಲ್ಲಿ ಬೇರೆಯವರ ಪೇಪರನ್ನು ಹೆಸರಿಸುತ್ತಾರೆ. ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಬಡ್ತಿ, ಅನುದಾನ, ಪ್ರಶಸ್ತಿ ಎಲ್ಲಕ್ಕೂ ಅದನ್ನೇ ಎಣಿಸುತ್ತಾರೆ. ಚಿಕ್ಕಮ್ಮನ ಪೇಪರಿಗೆ ಉಲ್ಲೇಖಗಳು ಸಾವಿರ ದಾಟಿದವು. ಕಂಡು ಕೇಳರಿಯದ ಊರುಗಳಿಂದ ಆಮೆ-ಒಂದನ್ನು ಕಳಿಸಿಕೊಡಿ ಎಂದು ಬರೆದರು. ಅವಳು ಯಾರಿಗೂ ಇಲ್ಲವೆನ್ನಲಿಲ್ಲ. ಊಟಕ್ಕೆ ಕೂತಾಗ, "ಇವತ್ತು ನಿಮ್ಮಮ್ಮ ಇನ್ನೊಂದು ದೇಶ ನೋಡಿದ್ಲು ಕಣೆ. ಬಸ್ಸು ಹಿಡಿಯೋಕೆ ಬರ್ತಿರ್ಲಿಲ್ಲ, ಈಗ ವಿಮಾನ" ಎನ್ನುತ್ತಿದ್ದಳು.

ಶಾಲೆ ಬಿಟ್ಟ ಮೇಲೆ ನಾನು ಲ್ಯಾಬಿಗೇ ಹೋಗುತ್ತಿದ್ದೆ. ಚಿಕ್ಕಮ್ಮ ಕೈ ತೊಳೆಸಿ, ಸ್ಟೂಲು ಹತ್ತಿಸಿ, ಮೈಕ್ರೋಸ್ಕೋಪಿಗೆ ಕಣ್ಣಿಡಿಸುತ್ತಿದ್ದಳು. "ಮಾತಾಡ್ಸು." ನಾನು ಮಾತಾಡಿಸುತ್ತಿದ್ದೆ. ಲೆಕ್ಕದಲ್ಲಿ ಫೇಲಾದದ್ದನ್ನು ಮೊದಲು ಹೇಳಿದ್ದು ಅಲ್ಲಿ. ಮನೆಯಲ್ಲಿ ಕರೆಂಟು ಹೋದರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು: ಲ್ಯಾಬಿನಲ್ಲೂ ಹೋಗಿದ್ದರೆ ಅಮ್ಮನಿಗೆ ಚಳಿಯಾಗುವುದಿಲ್ಲವೇ? ದೊಡ್ಡವಳಾದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಫ್ಲಾಸ್ಕು ತುಂಬಿದಾಗಲೆಲ್ಲ ಸ್ವಲ್ಪ ಉಳಿಸಿಕೊಂಡು ಮಿಕ್ಕಿದ್ದಕ್ಕೆ ಬ್ಲೀಚ್ ಸುರಿದು ಸಿಂಕಿಗೆ ಚೆಲ್ಲುತ್ತಾರೆ. ಅವತ್ತಿನಿಂದ ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟೆ. ಆದರೂ ಪಾತ್ರೆ ತೊಳೆಯುವಾಗ ಸಿಂಕಿನ ತೂತಿನಲ್ಲಿ ನೀರು ಗುಳುಗುಳು ಎಂದರೆ ನನಗೆ ಈಗಲೂ ಮೈ ಜುಂ ಎನ್ನುತ್ತದೆ.

ಈಚೆಗೆ ಪೇಪರು ಅಚ್ಚು ಮಾಡುವ ವಿಜ್ಞಾನ ಪತ್ರಿಕೆಗಳು ಹೊಸ ನಿಯಮ ತಂದವು. ಜೀವಕೋಶ ಯಾರದೆಂದು ಹೇಳುತ್ತೀರೋ ಅವರದೇ ಎಂಬುದಕ್ಕೆ ಪರೀಕ್ಷೆಯ ವರದಿ ಕೊಡಬೇಕು. ಚಿಕ್ಕಮ್ಮ ಹತ್ತಿ ಸುತ್ತಿದ ಕಡ್ಡಿ ಹಿಡಿದು ನನ್ನ ಅಂಗಡಿಗೆ ಬಂದಳು.

"ಬಾಯಿ ತೆಗಿ."

"ಈಗೇನು, ಹಲ್ಲು ಕೀಳೋಕೂ ಕಲಿತ್ಯಾ?"

"ನಿಮ್ಮಮ್ಮನ ಅರ್ಧ ಗುರುತು ನಿನ್ನಲ್ಲಿರುತ್ತೆ. ಹೊಂದಿಸಿ ನೋಡ್ಬೇಕು, ಬರೀ ಶಾಸ್ತ್ರಕ್ಕೆ." ಕೆನ್ನೆಯ ಒಳಗೆ ಕಡ್ಡಿ ಆಡಿಸಿ, ಬಂದಷ್ಟೇ ಅವಸರದಲ್ಲಿ ಹೊರಟುಹೋದಳು.

ಮತ್ತೆ ಬಂದಾಗ ಅವಸರವಿರಲಿಲ್ಲ. ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕುಳಿತು ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡಿದಳು.

"ಅದು ನಿಮ್ಮಮ್ಮ ಅಲ್ಲ ಕಣೆ."

ಪರೀಕ್ಷೆಯಲ್ಲಿ ನನಗೂ ಆಮೆ-ಒಂದಕ್ಕೂ ಯಾವ ಸಂಬಂಧವೂ ಕಾಣಲಿಲ್ಲ. ಅದು ಎಂದೋ ಸತ್ತ ಇನ್ನೊಬ್ಬ ಹೆಂಗಸಿನ ಜೀವಕೋಶ. ಬಿರುಸಾಗಿ ಬೆಳೆಯುವ ಸಂತತಿ, ಎಷ್ಟೋ ಲ್ಯಾಬುಗಳಲ್ಲಿದೆ, ಆಗ ಪಕ್ಕದ ಮೇಜಿನಲ್ಲೂ ಇತ್ತು. ಎರಡಕ್ಕೂ ಪೋಷಕ ದ್ರವ ತೆಗೆಯುತ್ತಿದ್ದದ್ದು ಒಂದೇ ಬಾಟಲಿಯಿಂದ. ಆ ಹೆಂಗಸಿನ ಒಂದೋ ಎರಡೋ ಕೋಶ ದ್ರವ ಹೀರುವ ಪಿಪೆಟ್ಟಿನ ತುದಿಯಲ್ಲಿ ಬಾಟಲಿಗೆ ಬಿದ್ದು, ಅಲ್ಲಿಂದ ಅಮ್ಮನ ಫ್ಲಾಸ್ಕಿಗೆ ಬಂದಿರಬೇಕು. ಬಂದವಳು ಎರಡೇ ವಾರದಲ್ಲಿ ಮನೆಯವಳನ್ನೇ ಹೊರಗೆ ಹಾಕಿದಳು.

"ಆ ಸೋಮವಾರ" ಎಂದಳು ಚಿಕ್ಕಮ್ಮ. "ನಾನು ಖುಷಿಗೆ ಅತ್ತೆನಲ್ಲ, ಅವತ್ತೇ ಅಕ್ಕ ಹೋಗಿದ್ದು. ನಿಮ್ಮಮ್ಮ ಯಾವತ್ತಾದ್ರೂ ಅವಸರ ಮಾಡಿದ್ದುಂಟಾ? ಆ ಓಟ ನೋಡಿದ ಕೂಡ್ಲೇ ನನಗೆ ತಿಳೀಬೇಕಿತ್ತು."

ನನಗೆ ಕೆಟ್ಟ ಕೋಪ ಬಂತು. "ಹಾಗಾದ್ರೆ ನಾನು ಅಷ್ಟು ವರ್ಷ ಮಾತಾಡಿದ್ದು ಯಾರ ಹತ್ರ?"

ಅವಳನ್ನು ಅಲ್ಲೇ ಬಿಟ್ಟು ನಾನು ಒಳಗೆ ಹೋಗಿ ಗಿರಾಕಿಯ ಫ್ರೇಮಿಗೆ ಸ್ಕ್ರೂ ಬಿಗಿಯುತ್ತಾ ಕುಳಿತೆ. ಸ್ಕ್ರೂ ಕೂರಲಿಲ್ಲ.

ನಿವೃತ್ತಿಗೆ ಇನ್ನೇನು ಬಹಳ ದಿನವಿಲ್ಲ, ಸುಮ್ಮನಿದ್ದುಬಿಡಿ ಮೇಡಂ ಎಂದು ಜೊತೆಯವರು ಹೇಳಿದರು. ಚಿಕ್ಕಮ್ಮ ಸುಮ್ಮನಿರಲಿಲ್ಲ. ತಪ್ಪಾಗಿದೆ ಎಂದು ಪತ್ರಿಕೆಗೆ ಬರೆದು, ಬದುಕು ಕಟ್ಟಿಕೊಟ್ಟ ಪೇಪರನ್ನು ತಾನೇ ಹಿಂತೆಗೆದುಕೊಂಡಳು. ಅದರ ಪ್ರತಿ ಪುಟದ ಮೇಲೂ ದಪ್ಪಕ್ಷರದಲ್ಲಿ ‘ಹಿಂಪಡೆಯಲಾಗಿದೆ’ ಎಂದು ಅಚ್ಚಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಯಾರಾದರೂ ಆ ಪೇಪರನ್ನು ಉಲ್ಲೇಖಿಸಿದರೆ ಅವಳ ಕಂಪ್ಯೂಟರು ಟಿಣ್ ಎನ್ನುವುದು. ಟಿಣ್ ಎನ್ನುತ್ತಲೇ ಇತ್ತು. ಓದದೆ ಹೆಸರಿಸುವವರು ಲೋಕದಲ್ಲಿ ಅಷ್ಟು ಜನರಿದ್ದಾರೆ. "ಸತ್ತಿದ್ದು ಇನ್ನೂ ಓಡಾಡ್ತಿದೆ ನೋಡೆ" ಎನ್ನುವಳು. ಆ ಸದ್ದನ್ನು ನಿಲ್ಲಿಸೆಂದರೆ ನಿಲ್ಲಿಸಲೂ ಒಲ್ಲಳು.

ಅವಳು ಸೊರಗಿದ್ದು ನೋಡಿ ನನ್ನ ಕೋಪ ಇಳಿಯಿತು. ಒಂದು ಭಾನುವಾರ ಅವಳೇ ಬಾಯಿಬಿಟ್ಟಳು.

"ಒಂದು ಟ್ಯೂಬಿದೆ. ಆ ಸೋಮವಾರಕ್ಕಿಂತ ಮುಂಚೆ ತೆಗೆದು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದು. ಒಂದೇ ಒಂದು. ಬೆಳೆಯದ ಕೋಶ ಅಂತ ಯಾವತ್ತೂ ಹೊರಗೆ ತೆಗೀಲೇ ಇಲ್ಲ."

"ಅದು ಅಮ್ಮನಾ?"

"ಇರ್ಬಹುದು. ಅದರಲ್ಲೂ ಆ ಇನ್ನೊಬ್ಬಳೇ ಸೇರಿಕೊಂಡಿರ್ಬಹುದು. ಕರಗಿಸಿದ್ರೆ ಗೊತ್ತಾಗುತ್ತೆ. ಆದ್ರೆ ಒಮ್ಮೆ ಕರಗಿಸಿದ್ರೆ ಬಹಳ ದಿನ ಉಳಿಯೋದಿಲ್ಲ, ವಾಪಸ್ ಇಡೋಕೂ ಆಗಲ್ಲ. ಮುಟ್ಟದೆ ಬಿಟ್ರೆ, ಅಕ್ಕ ಇದ್ದಾಳೆ ಅಂತ ನಾವಿಬ್ರೂ ಸಾಯೋವರೆಗೂ ಅಂದ್ಕೊಂಡು ಇರ್ಬಹುದು. ಅವಳು ನಿನ್ನಮ್ಮ. ನೀನೇ ಹೇಳು."

ವಾರವಿಡೀ ಅಂಗಡಿಯಲ್ಲಿ ಗಾಜು ಒರೆಸುತ್ತಾ ಯೋಚಿಸಿದೆ. ಆಮೇಲೆ ಫೋನು ಮಾಡಿ ಹೇಳಿದೆ: "ತೆಗಿ ಚಿಕ್ಕಮ್ಮ. ಬಾಗಿಲ ಹೊರಗೆ ಇನ್ನೊಂದ್ಸಲ ಕೂತಿರೋಕೆ ನನ್ನಿಂದಾಗಲ್ಲ."

ಬೆಳಗ್ಗೆ ಹೋದೆವು. ಹೊಗೆಯಾಡುವ ಡ್ರಮ್ಮಿನಿಂದ ಟ್ಯೂಬು ಎತ್ತಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಕರಗಿಸಿದಳು. ಹೊಸ ಬಾಟಲಿಯ ಸೀಲು ಒಡೆದು, ಅದನ್ನು ಬೇರೆ ಯಾವುದಕ್ಕೂ ಮುಟ್ಟಿಸದೆ ದ್ರವ ಹಾಕಿದಳು. ಹೆಚ್ಚಿನ ಕೋಶಗಳು ಸತ್ತು ತೇಲಿದವು. ಅವನ್ನೇ ಸೋಸಿ ಪರೀಕ್ಷೆಗೆ ಕಳಿಸಿದಳು. ಬೆರಳೆಣಿಕೆಯಷ್ಟು ಮಾತ್ರ ತಳಕ್ಕೆ ಅಂಟಿಕೊಂಡು ಉಳಿದವು. ದಿನಾ ಅಂಗಡಿ ಬೇಗ ಮುಚ್ಚಿ ಹೋಗಿ ನೋಡುತ್ತಿದ್ದೆ. ಒಂದು ಎರಡಾಗಲಿಲ್ಲ. ಇಟ್ಟಲ್ಲೇ ಇದ್ದವು.

ವರದಿ ಬಂದ ದಿನ ಚಿಕ್ಕಮ್ಮ ನಿಂತೇ ಓದಿ, ಆಮೇಲೆ ಸ್ಟೂಲಿನ ಮೇಲೆ ಕುಳಿತಳು.

"ಅರ್ಧ ನಿನ್ನದೇ. ಇವಳು ಅಕ್ಕ."

ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದಳು. "ನೋಡು, ಇನ್ನೂ ಹಾಗೇ ಕೂತಿದ್ದಾಳೆ. ಬಸ್ಸು ಹೋದ್ರೆ ಹೋಯ್ತು ಅಂತ." ನಗುತ್ತಾ ಶುರು ಮಾಡಿದ ಮಾತು ಅಳುವಿನಲ್ಲಿ ಮುಗಿಯಿತು. ನಾನೂ ಅತ್ತೆ.

ಆಮೇಲೆ ಒಂದೊಂದಾಗಿ ಅವು ದುಂಡಗಾಗಿ, ತಳ ಬಿಟ್ಟು ಮೇಲೆ ತೇಲತೊಡಗಿದವು. ಚಿಕ್ಕಮ್ಮ ಉಳಿಸಿಕೊಳ್ಳಲು ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ಕೊನೆಗೆ ಒಂದು ಉಳಿಯಿತು. ಆ ಮಧ್ಯಾಹ್ನ ಅವಳು ತನ್ನ ಸ್ಟೂಲನ್ನು ನನಗೆ ಬಿಟ್ಟು ಪಕ್ಕದಲ್ಲಿ ನಿಂತಳು. ಹುಟ್ಟಿದಂದಿನಿಂದ ಅವಸರ ಮಾಡಿದವಳು ಅವತ್ತು ಗಡಿಯಾರದ ಕಡೆಗೆ ಒಮ್ಮೆಯೂ ನೋಡಲಿಲ್ಲ.

"ಹೋದ್ಲಾ?"

"ಇನ್ನೂ ಇಲ್ಲ."

"ಮಾತಾಡ್ಸು."

ಲೆಕ್ಕದಲ್ಲಿ ಆಮೇಲೆ ಪಾಸಾದೆ ಅಮ್ಮಾ ಎಂದೆ. ಬೇರೇನೂ ತೋಚಲಿಲ್ಲ. ಪಕ್ಕದ ಕೋಣೆಯಲ್ಲಿ ಕಂಪ್ಯೂಟರು ಟಿಣ್ ಎಂದಿತು. ಯಾವುದೋ ಊರಿನಲ್ಲಿ ಯಾರೋ ಆ ಇನ್ನೊಬ್ಬಳನ್ನು ಅಮ್ಮನ ಹೆಸರಿನಲ್ಲಿ ಬರೆದಿದ್ದರು. ಚಿಕ್ಕಮ್ಮ ಆ ಕಡೆ ತಿರುಗಲಿಲ್ಲ. ಗಾಜಿನ ಕೆಳಗೆ ಆ ಒಂದು ಕೋಶ ಅಂಚಿನಿಂದ ನಿಧಾನವಾಗಿ, ಬಹಳ ನಿಧಾನವಾಗಿ ತಳ ಬಿಟ್ಟು ಎದ್ದಿತು. ಈ ಸಲ ನಾನು ಒಳಗಿದ್ದೆ.