ಐದು ನಕ್ಷತ್ರಕ್ಕೆ ಒಂದು ದೃಷ್ಟಿಬೊಟ್ಟು

ನಮ್ಮ ನಿಪ್ಪಟ್ಟು ಆನ್‌ಲೈನಿನಲ್ಲಿ ಬೆಳೆದದ್ದು ಆನೆಯಿಂದ ಅಂತ ನಮ್ಮ ಚಿಕ್ಕಪ್ಪ ಹೇಳುತ್ತಾರೆ. ನಾಮಕರಣದಲ್ಲಿ ಸಿಗಲಿ, ಬಸ್ಸಿನಲ್ಲಿ ಸಿಗಲಿ, ಅವರದು ಇದೇ ಕಥೆ. ಹೊಸೂರಿನಲ್ಲಿ ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕ್ಲಾಸು ನಡೆಸುವ ಮೇಷ್ಟ್ರೊಬ್ಬರು ಇನ್ನೊಂದು ಕಥೆ ಹೇಳುತ್ತಾರೆ. ಅವರ ಪ್ರಕಾರ ನಾವು ಬಹಳ ಯೋಚಿಸಿ, ನಮ್ಮ ಮಾಲಿನ ಕೊರತೆಯನ್ನು ನಾವೇ ಊರಿಗೆಲ್ಲ ಸಾರಿ, ಗಿರಾಕಿಯ ನಂಬಿಕೆ ಗೆದ್ದೆವಂತೆ. ಅವರ ಪಾಠದಲ್ಲಿ ನಮ್ಮ ಪ್ಯಾಕೆಟ್ಟಿನ ಫೋಟೊ ಕೂಡ ಬರುತ್ತದಂತೆ, ಮೇಲೆ ಒಂದು ಬಲ್ಬಿನ ಚಿತ್ರದ ಸಮೇತ.

ಎರಡೂ ಸುಳ್ಳು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಅಂತ ಊರೂರು ತಿರುಗಿದವನು ನಾನು. ಬೆಳಿಗ್ಗೆ ಒಂದು ವಿಷಯದ ಪರ ಮಾತಾಡಿ, ಊಟವಾದ ಮೇಲೆ ಅದನ್ನೇ ವಿರೋಧಿಸಿ, ಎರಡಕ್ಕೂ ಬಹುಮಾನ ತಂದವನು. ಹಾಗಾಗಿ ಯಾರಾದರೂ 'ಆದ್ದರಿಂದ' ಅಂದರೆ ಸಾಕು, ಆ ಪದದ ಎರಡೂ ಕಡೆ ಏನಿದೆ ಅಂತ ಇಣುಕಿ ನೋಡುವ ಚಟ. ಆನೆ ಬಂತು, ಆಮೇಲೆ ವ್ಯಾಪಾರ ಬೆಳೆಯಿತು, ಆದ್ದರಿಂದ ಆನೆಯೇ ಕಾರಣ ಅನ್ನುವುದಾದರೆ, ಅದೇ ವಾರ ನನಗೆ ನೆಗಡಿಯೂ ಬಂದಿತ್ತು. ನೆಗಡಿಗೆ ಯಾಕೆ ಯಾರೂ ಹೆಸರು ಕೊಡುವುದಿಲ್ಲ?

ಆನೆಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಜವಳಗಿರಿಯ ನೆಂಟರ ಹೊಲದ ಬದುವಿನಲ್ಲಿ ಅತ್ತೆಯನ್ನು ಕೂರಿಸಿ, ಅವಳು ನಿಪ್ಪಟ್ಟು ತಟ್ಟುವುದನ್ನು ರೀಲ್ಸ್ ಮಾಡಿದ್ದೆವು. ಹಿಂದೆ ದೂರದಲ್ಲಿ ರಾಗಿ ಹೊಲದ ಅಂಚಿಗೆ ಒಂದು ಆನೆ ನಡೆದುಹೋಯಿತು. ಚಿತ್ರೀಕರಿಸುತ್ತಿದ್ದ ನಾನೂ ಗಮನಿಸಲಿಲ್ಲ, ತಟ್ಟುತ್ತಿದ್ದ ಅತ್ತೆಯೂ ಗಮನಿಸಲಿಲ್ಲ. ಲೋಕ ಗಮನಿಸಿತು. ಕೆಳಗೆ ಬಂದ ಮಾತುಗಳೆಲ್ಲ ಆನೆಯವು: ಆನೆ ಗಂಡೋ ಹೆಣ್ಣೋ, ಆನೆಗೆ ಹೆಸರಿದೆಯೋ, ಆನೆಗೊಂದು ನಿಪ್ಪಟ್ಟು ಕೊಡಬಾರದಿತ್ತೇ, ನೀವೆಂಥ ಕಲ್ಲು ಮನಸ್ಸಿನವರು. ನಿಪ್ಪಟ್ಟು ಎಲ್ಲಿ ಸಿಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ಅದರಿಂದ ನಾನು ಕಲಿತದ್ದು ಇಷ್ಟೇ: ಜನ ನೋಡುವುದು ಬೇರೆ, ಕೊಳ್ಳುವುದು ಬೇರೆ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. "ಆನೆ ಬಂದಿದ್ದು ನಿಜ ತಾನೇ?" ಅಂದರು. ನಿಜ ಅಂದೆ. "ಮತ್ತೆ?" ಅಂದರು.

ಈಗ ನಿಜವಾಗಿ ನಡೆದದ್ದು.

ಅತ್ತೆ ಅಂದರೆ ನಮ್ಮಪ್ಪನ ತಂಗಿ. ತಮಿಳುನಾಡಿನ ಗಡಿಯ ಬೇರಿಕೆಯಲ್ಲಿರುತ್ತಾಳೆ. ಹೊಸೂರಿನ ಫ್ಯಾಕ್ಟರಿಯೊಂದರ ಕ್ಯಾಂಟೀನಿನಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದಳು. ಊಟ ಮಾಡಿದವರಿಗೆ ಅವಳ ಹೆಸರೂ ಗೊತ್ತಿರಲಿಲ್ಲ. ಸಂಜೆ ಹೊತ್ತು ಮನೆಯಲ್ಲಿ ತಟ್ಟುತ್ತಿದ್ದ ನಿಪ್ಪಟ್ಟಿಗೆ ಮಾತ್ರ ಬೀದಿಯ ಮಕ್ಕಳು ಸಾಲು ನಿಲ್ಲುತ್ತಿದ್ದವು. ಅದನ್ನು ಆನ್‌ಲೈನಿಗೆ ಹಾಕೋಣ ಅಂತ ಹುಚ್ಚು ಹತ್ತಿಸಿದವನು ನಾನು. ಅವಳು ಕ್ಯಾಂಟೀನು ಬಿಟ್ಟಳು. ಪ್ಯಾಕೆಟ್ಟಿನ ಮೇಲೆ ಅವಳ ಮುಖ ಬಂತು. ಬಿಟ್ಟ ದಿನವೇ ನನಗೊಂದು ಮಾತು ಹೇಳಿದಳು:

"ನೋಡ್ಲಾ, ಇದು ಮುಳುಗ್ತು ಅಂತ ನಾನು ವಾಪಸ್ ಹೋದ್ರೆ ಆ ಕ್ಯಾಂಟೀನ್ ಮೇಸ್ತ್ರಿ ಹಲ್ಲು ಕಿರೀತಾನೆ. ಅದ್ಕಿಂತ ಈ ಬಾಣ್ಲೇಲಿ ಬೀಳೋದ್ ವಾಸಿ."

ತಟ್ಟುವುದು, ಕರಿಯುವುದು ಅವಳ ಕೆಲಸ. ಫೋಟೊ, ವಿವರ, ಗಿರಾಕಿಗೆ ಉತ್ತರ ಕೊಡುವುದು ನನ್ನದು. ಉತ್ತರ ಕೊಡುವುದರಲ್ಲಿ ನಾನು ಹೇಗೆ ಅನ್ನುವುದಕ್ಕೆ ಒಂದು ಉದಾಹರಣೆ ಸಾಕು. ಉಪ್ಪು ಜಾಸ್ತಿ ಅಂತ ಒಬ್ಬರು ಬರೆದರು. ಉಪ್ಪಿನ ಜಾಸ್ತಿತನ ತಿನ್ನುವವರ ಅಭ್ಯಾಸಕ್ಕೆ ಸಂಬಂಧಿಸಿದ್ದು, ಅವರು ಅಳತೆಗೋಲು ಹೇಳಿಲ್ಲ, ಒಂದು ತುಂಡು ತಿಂದು ಇಡೀ ಪ್ಯಾಕೆಟ್ಟನ್ನು ಅಳೆಯಲಾಗದು ಅಂತ ನಾನು ಉತ್ತರ ಬರೆದೆ. ಅವರು ನನ್ನ ವಾದವನ್ನು ಸಂಪೂರ್ಣವಾಗಿ ಒಪ್ಪಿಕೊಂಡರು. ಒಪ್ಪಿಕೊಂಡು, ಉಳಿದ ತುಂಡುಗಳನ್ನೆಲ್ಲ ವಾಪಸ್ ಕಳಿಸಿದರು.

ಹೀಗಿದ್ದರೂ ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ನಮಗೊಂದು ಜಾಗ ಸಿಕ್ಕಿತು. ಕೊಂಡವರು ಮಾತ್ರ ಅಲ್ಲಿ ನಕ್ಷತ್ರ ಕೊಡಬಹುದು. ಒಂದು ಅಂದರೆ ಕೆಟ್ಟದ್ದು, ಐದು ಅಂದರೆ ಬಹಳ ಚೆನ್ನ. ಕೊಂಡವರು ಕಡಿಮೆ, ಆದರೆ ಎಲ್ಲರೂ ಐದೇ ಕೊಟ್ಟಿದ್ದರು. ಹೆಮ್ಮೆಯಿಂದ ಫೋನು ತೆಗೆದು ಅತ್ತೆಗೆ ತೋರಿಸಿದೆ.

"ಎಲ್ಲಾ ಐದೈದೇನಾ?"

"ಎಲ್ಲಾ ಐದೈದೇ ಅತ್ತೆ."

"ಒಬ್ರೂ ಏನೂ ಅಂದಿಲ್ವಾ?"

"ಒಬ್ರೂ ಇಲ್ಲ."

ಅವಳ ಮುಖ ಇಳಿಯಿತು. "ಇದು ಎಲ್ಲಾರ್ಗೂ ಕಾಣ್ತದಾ?"

"ಇಡೀ ದೇಶಕ್ಕೆ ಕಾಣ್ತದೆ."

"ಅಯ್ಯಯ್ಯೋ! ಎಲ್ಲಾರ್ ಕಣ್ಣೂ ಬೀಳಂಗೆ ಹಿಂಗೆ ಬಟಾಬಯಲಲ್ಲಿ ನಿಲ್ಸಿದ್ದೀಯಲ್ಲಾ! ಕೂಸಿಗೆ ಕೆನ್ನೆ ಮೇಲೆ ಮಸಿ ಬೊಟ್ಟು ಇಡಲ್ವಾ? ಮನೆ ಕಟ್ಟೋವಾಗ ಬೆದರುಗೊಂಬೆ ತೂಗಾಕಲ್ವಾ? ಇದ್ಕೆ ಎಲ್ಲೈತೆ ಬೊಟ್ಟು?"

ನಾನು ವಾದಕ್ಕೆ ನಿಂತೆ. ಒಂದು, ದೃಷ್ಟಿ ಅನ್ನುವುದು ಇದೆ ಅನ್ನುವುದಕ್ಕೆ ಆಧಾರವಿಲ್ಲ. ಇದ್ದರೂ ಅದು ತಾಗುವುದು ಕೂಸಿಗೆ, ಕಟ್ಟಡಕ್ಕೆ. ನಕ್ಷತ್ರದ ಚಿತ್ರಕ್ಕೆ ತಾಗುವುದು ಹೇಗೆ? ತಾಗಿದರೂ ಗಾಜಿನ ಪರದೆ ನಡುವೆ ಇದೆ. ಅತ್ತೆ ಪೂರ್ತಿ ಕೇಳಿಸಿಕೊಂಡು, "ನೀನ್ ಹೇಳೋದು ಸರಿ ಕಣ್ಲಾ" ಅಂದಳು. ಗೆದ್ದೆ ಅಂದುಕೊಂಡೆ. ನಮ್ಮ ಮನೆಗಳಲ್ಲಿ 'ನೀನು ಹೇಳೋದು ಸರಿ' ಅಂದರೆ ಚರ್ಚೆ ಮುಗಿಯಿತು ಅಂತಲ್ಲ, ಅದನ್ನು ನಿನ್ನನ್ನು ಬಿಟ್ಟು ಮುಂದುವರಿಸಲಾಗುತ್ತದೆ ಅಂತ. ಇದು ಆಗ ಗೊತ್ತಿರಲಿಲ್ಲ.

ಕೆಲವೇ ದಿನಗಳಲ್ಲಿ ಒಂದು ಒಂಟಿ ನಕ್ಷತ್ರ ಬಂತು. 'ಹಲ್ಲಿಗೆ ಬಲು ಕಷ್ಟ' ಅಂತ ಬರೆದಿತ್ತು. ಹೆಸರು ನೋಡಿದರೆ ನಮ್ಮ ಮಾವ, ಅಂದರೆ ಅತ್ತೆಯ ಗಂಡ. ಅತ್ತೆ ಅವರ ಫೋನಿನಿಂದಲೇ ಒಂದು ಪ್ಯಾಕೆಟ್ ತರಿಸಿ, ಅವರ ಕೈಯಿಂದಲೇ ಒತ್ತಿಸಿದ್ದಳು. ನಾನು ಕೇಳಲು ಹೋದಾಗ ಮಾವ ಜಗಲಿಯಲ್ಲಿ ಕೂತು ಕಟುಮ್ ಕಟುಮ್ ಅಂತ ಅದೇ ನಿಪ್ಪಟ್ಟು ತಿನ್ನುತ್ತಿದ್ದರು.

"ಹಲ್ಲಿಗೆ ಕಷ್ಟ ಅಂತ ಬರೆದಿದ್ದೀರಲ್ಲ ಮಾವ?"

"ನಿಮ್ಮತ್ತೆ ಹೇಳಿದ್ಳು, ಬರ್ದೆ. ನೀನೊಂದ್ ತಗೋ, ಚೆನ್ನಾಗೈತೆ."

ಅಷ್ಟಕ್ಕೇ ನಿಂತಿದ್ದರೆ ಈ ಬರಹವೇ ಬೇಕಿರಲಿಲ್ಲ. ಅತ್ತೆ ಮಹಿಳಾ ಸಂಘದ ಸಭೆಯಲ್ಲಿ ಬಾಯಿ ಬಿಟ್ಟಳು: ನಮ್ಮನೆಯವರು ಒಂದು ಬೊಟ್ಟು ಇಟ್ಟರು, ಈಗ ಮನಸ್ಸು ಹಗುರ ಅಂತ. ಸಂಘದವರಿಗೆ ಕೋಪ ಬಂತು. "ನಮ್ಗ್ಯಾಕೆ ಹೇಳ್ಲಿಲ್ಲ? ನಾವೇನು ನಿಂಗೆ ಕೆಟ್ಟದ್ ಬಯಸ್ತೀವಾ?" ಅಂತ ಒಬ್ಬೊಬ್ಬರೂ ಒಂದೊಂದು ಪ್ಯಾಕೆಟ್ ತರಿಸಿದರು. ನೆಂಟರಿಗೆ ಸುದ್ದಿ ಹೋಯಿತು. ಜವಳಗಿರಿಯಿಂದ, ಮತ್ತಿಗಿರಿಯಿಂದ, ಫ್ಯಾಕ್ಟರಿ ಬಸ್ಸಿನಲ್ಲಿ ಕೂತವರಿಂದ ಬೊಟ್ಟುಗಳು ಬಿದ್ದವು.

ಒಂದು ನಕ್ಷತ್ರ ಕೊಟ್ಟರೆ ಕಾರಣ ಬರೆಯಬೇಕು. ಕಾರಣ ಇರಲಿಲ್ಲ, ಆದ್ದರಿಂದ ಕಾರಣಕ್ಕೆ ಮಿತಿಯೂ ಇರಲಿಲ್ಲ. 'ಇದರ ವಾಸನೆಗೆ ನಮ್ಮ ಎಮ್ಮೆ ಹಾಲು ಕೊಡಲಿಲ್ಲ.' 'ತಿಂದ ಮೇಲೆ ನಮ್ಮೆಜಮಾನ್ರು ಮಾತೇ ಬಿಟ್ಟರು, ದೇವರು ನಿನ್ನ ಚೆನ್ನಾಗಿಡಲಿ.' ತೆಲುಗು ಮಾತಾಡುವ ಪಕ್ಕದ ಮನೆಯಾಕೆ 'ಬಾಗಲೇದು', ಅಂದರೆ ಚೆನ್ನಾಗಿಲ್ಲ, ಅಂತ ಒಂದೇ ಪದ ಬರೆದು, ಮುಂದೆ ಕೈಮುಗಿಯುವ ಚಿತ್ರ ಹಾಕಿದ್ದಳು. ಅವಳ ಪ್ಯಾಕೆಟ್ಟು ಅತ್ತೆಯ ಜಗಲಿಯಿಂದ ಹೊರಟು, ಹೊಸೂರಿನ ಆಚೆಗಿನ ಗೋದಾಮು ನೋಡಿಕೊಂಡು, ಸ್ಟಿಕರ್ ಅಂಟಿಸಿಕೊಂಡು, ಪಕ್ಕದ ಬಾಗಿಲಿಗೆ ಬಂದಿತ್ತು. ತಂದುಕೊಟ್ಟವನು ಎರಡೂ ಮನೆ ನೋಡಿ, "ಅಕ್ಕಾ, ಗೋಡೆ ಮೇಲಿಂದ ಎಸೆದಿದ್ರೆ ಆಗ್ತಿರ್ಲಿಲ್ವಾ?" ಅಂದನಂತೆ.

ಇಲ್ಲಿದೆ ಬೆಳವಣಿಗೆಯ ಗುಟ್ಟು, ಕ್ಲಾಸಿನ ಮೇಷ್ಟ್ರು ಬೇಕಾದರೆ ಬರೆದುಕೊಳ್ಳಲಿ. ಇಷ್ಟು ಜನ ಒಮ್ಮೆಲೇ ಕೊಂಡದ್ದರಿಂದ ಆ ಅಂಗಡಿಯ ಕಂಪ್ಯೂಟರು ನಮ್ಮ ನಿಪ್ಪಟ್ಟನ್ನು ಬಹಳ ಓಡುವ ಮಾಲು ಅಂದುಕೊಂಡು, ಹುಡುಕಿದವರಿಗೆಲ್ಲ ಮೇಲೆಯೇ ತೋರಿಸತೊಡಗಿತು. ನೋಡಿದ ಪರವೂರಿನವರು ಎಮ್ಮೆಯ ಕಥೆ ಓದಿ ನಕ್ಕು ತರಿಸಿದರು. ನಾನು ಮಾಡಿದ್ದು ಏನೂ ಇಲ್ಲ. ಆನೆ ಮಾಡಿದ್ದೂ ಏನೂ ಇಲ್ಲ.

ಬೇಡಿಕೆಗೆ ಕೈ ಸಾಲದೆ ಹೋಯಿತು. ನಾನು ವಾದ ಮಾಡಿ, ಹಿಟ್ಟಿನುಂಡೆಯನ್ನು ಒತ್ತಿ ಬಿಲ್ಲೆ ಮಾಡುವ ಮೆಷಿನ್ನು ತರಿಸಿದೆ. ಭಾನುವಾರಗಳಂದು ನಮ್ಮಮ್ಮ ಮತ್ತಿಗಿರಿಯಿಂದ ಬಂದು ಪ್ಯಾಕಿಂಗಿಗೆ ಕೂರತೊಡಗಿದಳು. ಅಮ್ಮನಿಗೂ ಅತ್ತೆಗೂ ಜಗಳವಿಲ್ಲ. ಅತ್ತಿಗೆ ನಾದಿನಿಯರ ನಡುವೆ ಜಗಳವಿಲ್ಲದಿದ್ದರೆ ಏನಿರುತ್ತದೋ ಅದಿದೆ.

ಆಗ ಅಂಗಡಿಯಿಂದ ಮೇಲ್ ಬಂತು. ನಿಮ್ಮ ನಕ್ಷತ್ರ ತೀರಾ ಕೆಳಗಿಳಿದಿದೆ, ಸರಿಯಾಗದಿದ್ದರೆ ಮಾಲು ತೆಗೆದುಹಾಕುತ್ತೇವೆ ಅಂತ. ಒಂದು ಕಡೆ ಮಾಲು ಹಿಂದೆಂದೂ ಇಲ್ಲದಷ್ಟು ಓಡುತ್ತಿದೆ, ಇನ್ನೊಂದು ಕಡೆ ಹಿಂದೆಂದೂ ಇಲ್ಲದಷ್ಟು ಕೆಟ್ಟಿದೆ. ಓದಿ ಹೇಳಿದೆ. ಅತ್ತೆ ಬಾಣಲೆ ಕೆಳಗಿನ ಉರಿ ಆರಿಸಿ ಕೂತಳು. ಕ್ಯಾಂಟೀನಿನ ಮೇಸ್ತ್ರಿ ಕಣ್ಣೆದುರು ಬಂದಿರಬೇಕು.

"ನೋಡ್ದಾ? ಕಣ್ಣು ಬಿದ್ದೇ ಬಿಡ್ತು" ಅಂದಳು.

"ಅತ್ತೆ, ಬೊಟ್ಟಿನಿಂದಲೇ ಬಿದ್ದಿದ್ದು!"

"ಬೊಟ್ಟು ಇಡ್ದೆ ಇದ್ದಿದ್ರೆ ಇನ್ನೂ ಏನಾಗ್ತಿತ್ತೋ."

ಯಾವ ಸ್ಪರ್ಧೆಯಲ್ಲೂ ಇಂಥ ಎದುರಾಳಿ ನನಗೆ ಸಿಕ್ಕಿರಲಿಲ್ಲ.

ಮಾರನೇ ದಿನ ಅಂಗಡಿಯ ಕಡೆಯಿಂದ ಒಬ್ಬ ಹುಡುಗಿ ತಮಿಳಿನಲ್ಲಿ ಫೋನು ಮಾಡಿದಳು. ಕೆಟ್ಟ ನಕ್ಷತ್ರಗಳೆಲ್ಲ ನಿಮ್ಮ ಸುತ್ತಮುತ್ತಲಿಂದಲೇ ಬಂದಿವೆ, ಆಗದವರು ಸೇರಿ ಮಾಡಿಸಿದ್ದು ಅನಿಸುತ್ತದೆ, ಹೌದು ಅಂದುಬಿಟ್ಟರೆ ಎಲ್ಲ ಅಳಿಸಿ ಅವರ ಖಾತೆಗಳನ್ನು ಮುಚ್ಚುತ್ತೇವೆ ಅಂದಳು. ನನ್ನ ತಲೆಯಲ್ಲಿ ಪರವೂ ವಿರೋಧವೂ ಒಟ್ಟಿಗೆ ಎದ್ದು ನಿಂತವು. ಅಷ್ಟರಲ್ಲಿ ಅತ್ತೆ ಫೋನು ಕಿತ್ತುಕೊಂಡಳು.

"ಆಗ್ದೋರಾ? ಎಲ್ಲಾ ನಮ್ಮೋರೇ ಕಣಮ್ಮಾ! ನನ್ ಗಂಡನೇ ಮೊದ್ಲು ಇಟ್ಟಿದ್ದು!" ಅಂತ ತನ್ನ ತಮಿಳಿನಲ್ಲಿ ಶುರು ಮಾಡಿ, ಕೂಸು, ಮಸಿ, ಬೆದರುಗೊಂಬೆ ಎಲ್ಲ ವಿವರಿಸಿದಳು. ಕೊನೆಗೆ ದನಿ ತಗ್ಗಿಸಿ, "ಆಗ್ದೋರು ಒಬ್ರಾದ್ರೂ ಬೇಕೇ ಬೇಕು ಅಂದ್ರೆ ನನ್ ವಾರಗಿತ್ತಿ ಹೆಸ್ರು ಬರ್ಕೋ" ಅಂದಳು.

ಆಮೇಲೆ ಆ ಹುಡುಗಿ, ತನ್ನ ಸ್ಕೂಟಿಗೂ ಅಮ್ಮ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದಾಳೆ ಅಂದಳು. ಆದರೆ ಅವಳ ಕಂಪ್ಯೂಟರಿನಲ್ಲಿ ದೃಷ್ಟಿ ಅನ್ನುವ ಕಾರಣವೇ ಇರಲಿಲ್ಲ. ಹುಡುಕಿ ಹುಡುಕಿ 'ಕೊಂಡವರ ಕೈತಪ್ಪು' ಅನ್ನುವುದನ್ನು ಒತ್ತಿದಳು. ಬೊಟ್ಟಿಟ್ಟ ಪ್ರತಿಯೊಬ್ಬರಿಗೂ ಮೆಸೇಜು ಬರುತ್ತದೆ, ಕೈತಪ್ಪಿ ಕೊಟ್ಟದ್ದು ಹೌದು ಅಂದವರದ್ದು ಅಳಿಸಿಹೋಗುತ್ತದೆ, ಅಷ್ಟೇ ನನ್ನಿಂದ ಆಗುವುದು ಅಂದಳು.

ಸಂಘದ ಸಭೆ ಮತ್ತೆ ಸೇರಿತು. ಕೂಸಿಗೆ ಒಂದು ಬೊಟ್ಟು ಸಾಕು, ಮುಖಕ್ಕೆಲ್ಲ ಮಸಿ ಬಳಿಯಬಾರದು ಅನ್ನುವುದನ್ನು ಎಲ್ಲರೂ ಒಪ್ಪಿದರು. ಆದರೆ ಉಳಿಯುವ ಆ ಒಂದು ಯಾರದು?

"ನಂದೇ ಇರ್ಲಿ, ನಾನು ಎಮ್ಮೆನೇ ಬರ್ದಿದೀನಿ."

"ನಿನ್ ಎಮ್ಮೆ ಕಾಲ್ದಿಂದ್ಲೂ ಹಾಲು ಕೊಡಲ್ಲ, ಅದು ಲೆಕ್ಕಕ್ಕೇ ಇಲ್ಲ!"

"ನಾನ್ ಅಳ್ಸಿ, ಆಮೇಲೆ ಏನಾರ ಆದ್ರೆ ನನ್ ಮೇಲೆ ಬತ್ತದೆ, ನಾ ಒಲ್ಲೆ."

ಗದ್ದಲ ನಿಲ್ಲಿಸಿದವಳು ಅತ್ತೆ. "ಮೊದ್ಲಿಟ್ಟಿದ್ದು ನಮ್ಮನೆಯೋರು, ಅದೇ ಇರ್ತದೆ. ಮಿಕ್ಕೋರೆಲ್ಲ ಒತ್ರಿ." ಅಲ್ಲೇ ಕೂತು ಎಲ್ಲರೂ ಒತ್ತಿದರು. ನೆಂಟರಿಗೆಲ್ಲ ಫೋನು ಹೋಯಿತು, ಅವರೂ ಒತ್ತಿದರು. ಕೆಲವೇ ದಿನದಲ್ಲಿ ನಕ್ಷತ್ರ ಏರಿತು. ಮಾಲು ಉಳಿಯಿತು. ಅತ್ತೆ ಮತ್ತೆ ಉರಿ ಹೊತ್ತಿಸಿದಳು.

ನಾನು ಪಟ್ಟಿ ನೋಡಿದೆ. ಒಂದು ಉಳಿಯಬೇಕಿತ್ತು. ಎರಡು ಉಳಿದಿದ್ದವು. ಒಂದು ಮಾವನ ಹಲ್ಲು. ಇನ್ನೊಂದರಲ್ಲಿ ಎಮ್ಮೆ ಇಲ್ಲ, ಯಜಮಾನರಿಲ್ಲ, ಕೈಮುಗಿತವೂ ಇಲ್ಲ. 'ಅಂಚು ಗರಿಗರಿ, ನಡುವೆ ಮೆತ್ತಗೆ. ಕೈಯಲ್ಲಿ ತಟ್ಟುವಾಗ ಹೀಗಿರಲಿಲ್ಲ.' ಇಷ್ಟೇ. ಮೆಷಿನ್ನು ಬಂದ ಮೇಲೆ ಬರೆದದ್ದು. ಪ್ಯಾಕೆಟ್ಟು ಹೋದದ್ದು ಮತ್ತಿಗಿರಿಯ ನಮ್ಮ ಮನೆಯ ವಿಳಾಸಕ್ಕೆ.

"ಆ ಎರಡ್ನೇದು ಯಾರ್ದ್ಲಾ?" ಅಂತ ಅತ್ತೆ ಕೇಳುತ್ತಲೇ ಇದ್ದಾಳೆ. ನೋಡಿ ಹೇಳ್ತೀನಿ ಅಂದಿದ್ದೇನೆ. ಬೊಟ್ಟಾದರೆ ಅತ್ತೆಗೆ ಹೇಳಿಬಿಡಬಹುದು, ನಕ್ಕುಬಿಡುತ್ತಾಳೆ. ನಿಜವಾದರೆ ನಾನು ವಾದ ಮಾಡಿ ತರಿಸಿದ ಮೆಷಿನ್ನು ಅವಳ ಕೈಯ ರುಚಿಯನ್ನೇ ಕೆಡಿಸಿದೆ, ಅವಳ ಮುಖವಿರುವ ಪ್ಯಾಕೆಟ್ಟಿನಲ್ಲಿ ಅವಳದಲ್ಲದ್ದು ಹೋಗುತ್ತಿದೆ. ನಾನೇ ತಿಂದು ನೋಡಿದೆ. ದಿನಾ ತಿನ್ನುವ ನಾಲಿಗೆಗೆ ಏನೂ ಗೊತ್ತಾಗಲಿಲ್ಲ.

ಕಳೆದ ಭಾನುವಾರ ಅತ್ತೆ ಎಣ್ಣೆ ತರಲು ಅಂಗಡಿಗೆ ಹೋಗಿದ್ದಳು. ಮೆಷಿನ್ನು ಟಕ್ ಟಕ್ ಅಂತ ಓಡುತ್ತಿತ್ತು. ಅಮ್ಮ ಪ್ಯಾಕೆಟ್ಟಿನ ಬಾಯಿ ಅಂಟಿಸುತ್ತಿದ್ದಳು. ಎದುರು ಹೋಗಿ ಕೂತೆ.

"ಕೈತಪ್ಪಾ ಅಂತ ಮೆಸೇಜ್ ಬಂದಿತ್ತಲ್ಲ ಅಮ್ಮ, ನೀನ್ಯಾಕೆ ಒತ್ಲಿಲ್ಲ?"

ಅಮ್ಮ ಇನ್ನೊಂದು ಪ್ಯಾಕೆಟ್ ಎತ್ತಿಕೊಂಡಳು.

"ಅಮ್ಮ, ನೀನಿಟ್ಟಿದ್ದು ಬೊಟ್ಟಾ, ನಿಜಾನಾ?"