ಒಲೆ ದೊಡ್ಡದು ಮಾಡು

ಸೀರೆಯ ಮೇಲೆ ಗಂಡನ ದಪ್ಪ ಜಾಕೆಟ್ ಹಾಕಿಕೊಂಡು, ಕಂಕುಳಲ್ಲಿ ಒಲೆಯ ಹೊಗೆಕೊಳವೆ ಇರುಕಿಕೊಂಡು ಹಿಮ ಬೀಳುವ ಗುಡ್ಡಕ್ಕೆ ಹೊರಡುವ ಹೆಂಗಸನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ವಿಮಲಕ್ಕ. ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ ನಮ್ಮ ಎದುರು ಮನೆಯವರು, ನಂಜನಗೂಡಿನ ಕಡೆಯವರು. ಜುಲೈ ಬಂತೆಂದರೆ ಅಲ್ಲಿ ಚಳಿಗಾಲ, ನಮ್ಮವರೆಲ್ಲ ಹೀಟರ್ ಹಾಕಿ, ಕಿಟಕಿ ಮುಚ್ಚಿ, ಫೋನ್ ಕಾರ್ಡು ಕೆರೆದು ಊರಿಗೆ ಮಾತಾಡುತ್ತಾ ಕೂರುತ್ತಿದ್ದರು. ವಿಮಲಕ್ಕ ಅಂಗಳದಲ್ಲಿ ಟೆಂಟು ಹರವಿ ಹೊಲಿಗೆ ಬಿಟ್ಟಿದೆಯೇ ಎಂದು ನೋಡುತ್ತಿದ್ದರು.

"ಬೇಸಿಗೇಲಿ ಟೆಂಟ್ ಹಾಕೋದು ಯಾರ್ ಬೇಕಾದ್ರೂ ಮಾಡ್ತಾರೆ ಐರಿನ್. ಹೊರಗೆ ಹಿಮ, ಒಳಗೆ ಒಲೆ, ಒಲೆ ಮೇಲೆ ಬಿಸಿಬೇಳೆಬಾತು. ಇನ್ನೇನ್ ಬೇಕು ಹೇಳು?"

ನಾನು ಮಂಗಳೂರಿನ ಕೊಂಕಣಿ ಮನೆಯವಳು. ಬೆವರುವುದು ಗೊತ್ತು, ನಡುಗುವುದು ಗೊತ್ತಿರಲಿಲ್ಲ. ಡ್ಯಾಂಡಿನಾಂಗ್‌ನ ಗೋದಾಮಿನಲ್ಲಿ ವಾರವಿಡೀ ಪೆಟ್ಟಿಗೆ ಎತ್ತಿ ಮನೆಗೆ ಬಂದವಳಿಗೆ ವೀಕೆಂಡ್ ಎಂದರೆ ಹಾಸಿಗೆ. ಆದರೂ ಅವರ ಮಾತಿಗೆ ಮರುಳಾಗಿ ಒಮ್ಮೆ ಹೋದೆ.

ದಪ್ಪ ಕ್ಯಾನ್ವಾಸಿನ ಟೆಂಟು. ನಡುವೆ ತಗಡಿನ ಒಲೆ, ಅದರ ಕೊಳವೆ ಚಾವಣಿಯ ತೂತಿನಿಂದ ಹೊರಗೆ. ವಿಮಲಕ್ಕ ಒಲೆಗೆ ಕುಂಕುಮ ಇಟ್ಟು, ಕೈಮುಗಿದು, ಆಮೇಲೆ ಕಡ್ಡಿ ಗೀರಿದರು. ಸ್ವಲ್ಪ ಹೊತ್ತಿಗೆಲ್ಲ ನಾನು ಟೊಪ್ಪಿ ತೆಗೆದೆ, ಕೈಗವಸು ತೆಗೆದೆ. ಅವರ ಗಂಡ ರಘುನಾಥ್ ಸಾಧು ಮನುಷ್ಯ. ಕ್ಯಾಂಪಿಂಗಿಗೆ ಬರುತ್ತಿದ್ದುದೇ ನಿದ್ದೆ ಮಾಡಲು ಎನ್ನುವ ಹಾಗೆ, ಊಟ ಮುಗಿಸಿ ಮೂಲೆಯಲ್ಲಿ ಮುಸುಕು ಹಾಕಿಕೊಂಡರು. ಒಬ್ಬಳೇ ಮಗಳು ಅನಘಾ ಪರೀಕ್ಷೆ ಎಂದು ಆ ಸಲ ಬಂದಿರಲಿಲ್ಲ.

ಊಟದ ಮೇಲೆ ವಿಮಲಕ್ಕ ಪಾತ್ರೆ ಒರೆಸುತ್ತಾ, "ಸೆಕೆ ಆಯ್ತಲ್ವಾ? ಒಲೆ ದೊಡ್ಡದು ಮಾಡು ಐರಿನ್" ಎಂದರು.

ಸೆಕೆ ಆದರೆ ಯಾಕೆ ದೊಡ್ಡದು ಮಾಡಬೇಕು ಎಂದು ನನಗೆ ಅರ್ಥವಾಗಲಿಲ್ಲ. ದೊಡ್ಡವರು ಹೇಳಿದರಲ್ಲ ಎಂದು ದಪ್ಪನೆಯ ಎರಡು ಕೊರಡು ತುರುಕಿದೆ. ಟೆಂಟು ಕಾದ ಕಾವಲಿಯಾಯಿತು. ರಘುನಾಥ್ ಬೆವರುತ್ತಾ ಎದ್ದು ಕೂತರು. ವಿಮಲಕ್ಕ ಬಾಗಿಲಿನ ಝಿಪ್ ಎಳೆದು, ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಯ್ಯೋ ಮಾರಾಯ್ತಿ! ದೊಡ್ಡದು ಮಾಡು ಅಂದ್ರೆ ಆರಿಸು ಅಂತ ಕಣೇ. ದೀಪ ಆರಿಸು ಅಂತ ಯಾರಾದ್ರೂ ಬಾಯಲ್ಲಿ ಅಂತಾರಾ? ಒಲೇನೂ ಹಾಗೇ."

ಅವರ ಭಾಷೆಯೇ ಹಾಗೆ. ಕೆಟ್ಟದ್ದಕ್ಕೆ ಅವರ ಬಾಯಲ್ಲಿ ಜಾಗವಿರಲಿಲ್ಲ. ಅಕ್ಕಿ ಮುಗಿದರೆ 'ಅಕ್ಕಿ ತುಂಬಿದೆ', ಬಳೆ ಒಡೆದರೆ 'ಬಳೆ ಹೆಚ್ಚಿತು'. "ಎಂತ ಅಕ್ಕ ನಿಮ್ಮದು, ಎಲ್ಲ ಉಲ್ಟಾ" ಎಂದು ನಾನು ತಮಾಷೆ ಮಾಡಿದರೆ, "ಬಾಯಿಂದ ಬಂದಿದ್ದು ಆಗ್ಬಿಡುತ್ತೆ ಐರಿನ್, ಹುಷಾರಾಗಿರ್ಬೇಕು" ಎನ್ನುತ್ತಿದ್ದರು. ಆ ದಿನದ ಮೇಲೆ ಒಲೆಯನ್ನು ಅವರು ಯಾರ ಕೈಗೂ ಬಿಡಲಿಲ್ಲ. ಗಾಳಿಯ ಪುಟ್ಟ ಬಾಗಿಲು ಮುಚ್ಚಿ, ಕೆಂಡದ ಮೇಲೆ ಬೂದಿ ಎಳೆದು, ತಾವೇ ದೊಡ್ಡದು ಮಾಡುತ್ತಿದ್ದರು. ಮರುವರ್ಷದ ಚಳಿಗಾಲದ ಆ ಒಂದು ಬೆಳಿಗ್ಗೆಯವರೆಗೆ.

ಆ ಸಲ ನನಗೆ ರಜೆ ಸಿಗದೆ ನಾನು ಹೋಗಿರಲಿಲ್ಲ. ಅವರು ಮೂವರೇ. ರಘುನಾಥ್‌ಗೆ ಸೊಂಟ ಹಿಡಿದು, ನೋವಿನ ಮಾತ್ರೆ ನುಂಗಿ ಮಲಗಿದ್ದರು. ಅಮ್ಮ ಮಗಳು ಹಿಮದಲ್ಲಿ ಸುತ್ತಾಡಲು ಹೊರಟರು. ವಿಮಲಕ್ಕ ಆಗಲೇ ಹೊರಗೆ ಬೂಟು ಕಟ್ಟಿಕೊಂಡಿದ್ದರು. ಅಲ್ಲಿಂದಲೇ ಒಳಗಿದ್ದ ಮಗಳಿಗೆ ಕೂಗಿದರು: "ಅನು, ಒಲೆ ದೊಡ್ಡದು ಮಾಡಿ ಬಾ ಪುಟ್ಟಾ."

ಅನಘಾ ಹತ್ತೊಂಬತ್ತರ ಹುಡುಗಿ. ಮೆಲ್ಬರ್ನಿನಲ್ಲೇ ಬೆಳೆದವಳು. ಕನ್ನಡ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ದೊಡ್ಡದು ಎಂದರೆ ದೊಡ್ಡದು. ಒಲೆಯ ತುಂಬ ಸೌದೆ ಒಟ್ಟಿ, ಗಾಳಿಯ ಬಾಗಿಲು ಪೂರ್ತಿ ತೆಗೆದು, "ಡನ್, ಅಮ್ಮ" ಎಂದು ಹೊರಗೆ ಬಂದಳು. ಕೊಳವೆ ಕೆಂಪಗೆ ಕಾದು ಕ್ಯಾನ್ವಾಸಿಗೆ ಬೆಂಕಿ ಹಿಡಿದಾಗ ಇಬ್ಬರೂ ಗುಡ್ಡದ ಆಚೆಗಿದ್ದರು. ಹೊಗೆ ಕಂಡು ಓಡಿ ಬರುವಷ್ಟರಲ್ಲಿ ಟೆಂಟೂ ಇರಲಿಲ್ಲ, ರಘುನಾಥ್ ಕೂಡ ಇರಲಿಲ್ಲ.

"ಯೂ ಟೋಲ್ಡ್ ಮಿ ಟು ಮೇಕ್ ಇಟ್ ಬಿಗ್!" ಎಂದು ಅನಘಾ ಕಿರುಚುತ್ತಿದ್ದಳಂತೆ. ಪೊಲೀಸರು ಕೇಳಿದಾಗ ವಿಮಲಕ್ಕ, "ಹೌದು, ಉರಿ ಜಾಸ್ತಿ ಮಾಡು ಅಂತ ನಾನೇ ಹೇಳ್ದೆ, ಅವರಿಗೆ ಚಳಿ ಆಗ್ತಿತ್ತು" ಎಂದುಬಿಟ್ಟರು. ಒಂದು ಜೀವಮಾನದಲ್ಲಿ ಅವರು ಆಡಿದ ದೊಡ್ಡ ಸುಳ್ಳು ಅದೇ ಇರಬೇಕು.

ಮಣ್ಣು ಮಾಡುವ ಪದ್ಧತಿಯವಳು ನಾನು, ಅವರದು ಸುಡುವ ಪದ್ಧತಿ. ಸುಟ್ಟುಹೋದವರನ್ನೇ ಮತ್ತೆ ಸುಡುವುದನ್ನು ಆ ದಿನ ನೋಡಿದೆ. ಹೊರಗೆ ಬಂದಾಗ ವಿಮಲಕ್ಕ ನನ್ನ ತೋಳು ಹಿಡಿದುಕೊಂಡರು.

"ನಿನಗೆ ಆ ಮಾತಿನ ಅರ್ಥ ಗೊತ್ತು. ಅವಳಿಗೆ ಗೊತ್ತಿಲ್ಲ. ಗೊತ್ತಾಗಬಾರದು. ನನ್ನ ಬೈಕೊಂಡಿರ್ಲಿ, ಮುಖ ನೋಡದೇ ಇರ್ಲಿ, ಪರವಾಗಿಲ್ಲ. ತಾನೇ ಅಪ್ಪನ್ನ ಕೊಂದೆ ಅಂತ ಅನ್ನಿಸಬಾರದು."

ಅನಘಾ ಬೈದುಕೊಂಡಳು, ಮುಖವನ್ನೂ ನೋಡಲಿಲ್ಲ. ಓದು ಮುಗಿಸಿ ಸಿಡ್ನಿಗೆ ಹೋದಳು, ವೆಸ್ಟ್‌ಮೀಡ್‌ನ ಆಸ್ಪತ್ರೆಯಲ್ಲಿ ನರ್ಸ್ ಆದಳು. ವಿಮಲಕ್ಕ ಕನ್ನಡದವರ ಮನೆಗೆ ಹೋಗುವುದನ್ನೇ ಬಿಟ್ಟರು. ಯಾರ ಬಾಯಿಂದಲಾದರೂ ಆ ಮಾತು ಬಂದು, ಅದು ಮಗಳ ಕಿವಿಗೆ ಬಿದ್ದೀತೆಂಬ ಭಯ. ಆಮೇಲೆ ಅವರಿಗೆ ಹೃದಯದ ತೊಂದರೆ ಕಾಣಿಸಿಕೊಂಡಾಗ ಮಗಳು ಬಂದು ತನ್ನ ಫ್ಲಾಟಿಗೆ ಕರೆದುಕೊಂಡು ಹೋದಳು. ಅಲ್ಲಿ ಇಬ್ಬರೂ ಇಂಗ್ಲಿಷ್ ಮಾತಾಡುತ್ತಿದ್ದರು. ನಂಜನಗೂಡಿನ ಮಾತು ಅರಳು ಹುರಿದ ಹಾಗೆ ಆಡುತ್ತಿದ್ದವರು "ಯೆಸ್ ಡಿಯರ್, ನೋ ಡಿಯರ್" ಎನ್ನುವುದನ್ನು ಫೋನಿನಲ್ಲಿ ಕೇಳಿ ನನಗೆ ಹೊಟ್ಟೆ ಉರಿಯುತ್ತಿತ್ತು. ದೇವರ ಮೇಲೆ ಸಿಟ್ಟೂ ಬರುತ್ತಿತ್ತು. ಒಳ್ಳೆಯದೇ ಆಗಲಿ ಎಂದು ತಿರುಚಿ ಆಡಿದ ಮಾತಿಗೆ ಇಂಥ ಶಿಕ್ಷೆಯೇ?

ಕೊನೆಯ ಸಲ ಅವರನ್ನು ನೋಡಿದ್ದು ಆ ಫ್ಲಾಟಿನಲ್ಲಿ, ರಘುನಾಥ್ ತೀರಿಕೊಂಡ ತಿಥಿಯ ದಿನ. ವಿಮಲಕ್ಕ ತೀರ ಸೊರಗಿದ್ದರು. ಕೆಳಗಿನ ಫ್ಲಾಟಿನವರ ತಾಯಿ ಮೈಸೂರಿನಿಂದ ಬಂದಿದ್ದವರು, ಕನ್ನಡದ ಮನೆ ಇದೆಯೆಂದು ಗೊತ್ತಾಗಿ, ಕರೆಯದೆಯೇ ಹೂವು ಹಿಡಿದು ಬಂದರು. ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಊಟವಾಯಿತು. ಎಲ್ಲರೂ ಕೆಳಗಿನ ಪಾರ್ಕಿನವರೆಗೆ ಹೋಗಿ ಬರೋಣ ಎಂದು ಎದ್ದೆವು. ಆಗ ಆ ಅಜ್ಜಿ ಫೋಟೋದ ಮುಂದಿನ ದೀಪ ತೋರಿಸಿ, "ಪರದೆ ಹತ್ರಾನೇ ಇದೆ, ಗಾಳಿ ಬೇರೆ. ದೀಪ ದೊಡ್ಡದು ಮಾಡಿಬಿಡು ಮಗೂ" ಎಂದರು.

ವಿಮಲಕ್ಕ ಕುರ್ಚಿಯ ಕೈ ಹಿಡಿದುಕೊಂಡರು. ನಾನು ಏನಾದರೂ ಹೇಳಿ ಮಾತು ಮರೆಸಬೇಕು ಎಂದುಕೊಳ್ಳುವಷ್ಟರಲ್ಲಿ ಅನಘಾ ದೀಪದ ಹತ್ತಿರ ಹೋಗಿದ್ದಳು. ಎಣ್ಣೆ ಹಾಕಲಿಲ್ಲ, ಬತ್ತಿ ಏರಿಸಲಿಲ್ಲ. ಒಂದು ಸೇವಂತಿಗೆ ತೆಗೆದು ಬತ್ತಿಯ ಮೇಲೆ ಮೆಲ್ಲಗೆ ಒತ್ತಿದಳು. ದೀಪ ಆರಿತು. ಆಮೇಲೆ ನಮ್ಮ ಕಡೆ ತಿರುಗದೆ, ಕೈ ತೊಳೆಯಲು ಒಳಗೆ ಹೋದಳು. ನಲ್ಲಿ ಬಹಳ ಹೊತ್ತು ಸುರಿಯುತ್ತಲೇ ಇತ್ತು.

ಅಜ್ಜಿ ಚಪ್ಪಲಿ ಮೆಟ್ಟಿ ಮುಂದೆ ನಡೆದರು. ವಿಮಲಕ್ಕ ಏಳಲಿಲ್ಲ.

"ಯಾವಾಗಿಂದ ಗೊತ್ತೋ ಐರಿನ್ ಇವಳಿಗೆ?" ಎಷ್ಟೋ ವರ್ಷಗಳ ಮೇಲೆ ಆ ಮನೆಯಲ್ಲಿ ಅವರು ಆಡಿದ ಕನ್ನಡ. "ನಾನಿಲ್ಲಿ ಬಾಯಿ ಕಟ್ಕೊಂಡು ಕೂತಿದ್ದೆ. ಅವಳು ಒಬ್ಬಳೇ ಅತ್ತಿದ್ದಾಳಲ್ಲೇ."